ಕೊನೇ ಮನೆಗೆ ಯಾವ ಪ್ಯಾಟರ್ನ್?

ಕಾಲೇಜಿಗೆ ಹೋಗದೆ ಸಾಫ್ಟ್‌ವೇರ್ ಕಲಿತವನು ನಾನು. ಅದಕ್ಕೇ ಇರಬೇಕು, ಎಲ್ಲಿ ಹೋದರೂ ಒಂದು ಜಗಳ, ಜಗಳದ ಕೊನೆಗೆ ಒಂದು ನಗು ನನ್ನ ಪಾಲಿಗೆ ತಪ್ಪಿದ್ದಲ್ಲ. ಇಲ್ಲಿರುವವೆಲ್ಲ ಡಿಸೈನ್ ಪ್ಯಾಟರ್ನ್ ದೆಸೆಯಿಂದ ಆದವು. ಪ್ಯಾಟರ್ನ್ ಅಂದರೆ ಮಂತ್ರವಲ್ಲ. ಸಾಫ್ಟ್‌ವೇರ್ ಬರೆಯುವವರಿಗೆ ಪದೇ ಪದೇ ಎದುರಾಗುವ ತೊಂದರೆಗೆ ಹಿಂದಿನವರು ಕಂಡುಕೊಂಡ ದಾರಿ, ಅದಕ್ಕೊಂದು ಹೆಸರು. ಅಷ್ಟೇ.

ಒಂದೇ ಸಂಪು

ಜೆ.ಪಿ. ನಗರದ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ. ಮ್ಯಾನೇಜರ್ ಕೇಳಿದರು, "ಸಿಂಗಲ್‌ಟನ್ ಗೊತ್ತಾ?"

"ಹೆಸರು ಗೊತ್ತಿಲ್ಲ ಸಾರ್. ಏನು ಮಾಡುತ್ತೆ ಹೇಳಿ."

"ಇಡೀ ಪ್ರೋಗ್ರಾಮಿಗೆ ಆ ವಸ್ತು ಒಂದೇ ಇರಬೇಕು. ಯಾರು ಕೇಳಿದರೂ ಅದನ್ನೇ ಕೊಡಬೇಕು."

"ಓ, ಅದಾ! ಅರೆಕೆರೆಯಲ್ಲಿ ನಮ್ಮ ವಠಾರದ ನೀರಿನ ಸಂಪು ಸಾರ್. ಅಷ್ಟೂ ಮನೆಗೆ ಒಂದೇ."

"ಜಗಳ ಆಗಲ್ವಾ?"

"ದಿನಾ ಆಗುತ್ತೆ."

"ಸಿಂಗಲ್‌ಟನ್ನಿಂದ ನಮಗೂ ಅದೇ ಗೋಳು ಕಣ್ರೀ. ಸೋಮವಾರದಿಂದ ಬನ್ನಿ."

ಸಮುದ್ರದ ನೀರು

ಆ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೆ ಪ್ಯಾಟರ್ನ್ ಅಂದರೆ ಪ್ರಾಣ. ನಮ್ಮ ಬೀದಿಗೆ ಕಾವೇರಿ ನೀರು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ನಾನು ನೀರಿನ ಆಫೀಸಿನ ಮುಂದೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ.

"ಕೂಗಿದ್ದು ಸಾಕು ಅಣ್ಣ, ಆಪ್ ಮಾಡೋಣ" ಅಂದಳು.

ಕೆಲವು ದಿನ ಬಿಟ್ಟು ಅವಳು ಬರೆದ ಆಪ್ ನೋಡಿದರೆ ಬೋರ್‌ವೆಲ್ಲಿಗೊಂದು ಭಾಗ, ಟ್ಯಾಂಕರಿಗೊಂದು, ಮಳೆಗೊಂದು, ಸಮುದ್ರಕ್ಕೊಂದು. ಇವನ್ನೆಲ್ಲ ಹುಟ್ಟಿಸಲು ಫ್ಯಾಕ್ಟರಿ ಎಂಬ ಪ್ಯಾಟರ್ನ್.

"ಸಮುದ್ರ ಯಾಕಮ್ಮ?"

"ಮುಂದೆ ಬೇಕಾಗಬಹುದು ಅಣ್ಣ."

"ಅರೆಕೆರೆಗೆ ಸಮುದ್ರ ಬಂದ್ರೆ ಜನ ಆಪ್ ನೋಡ್ತಾರಾ, ಈಜ್ತಾರಾ?"

ಎಲ್ಲರಿಗೂ ಸುದ್ದಿ

ಅದನ್ನೆಲ್ಲ ಕಿತ್ತುಹಾಕಿ ಕೊನೆಗೆ ಉಳಿದದ್ದು ಅಬ್ಸರ್ವರ್ ಎಂಬ ಪ್ಯಾಟರ್ನ್ ಒಂದೇ. ಒಂದು ಕಡೆ ಏನಾದರೂ ಆದರೆ, ಕಾದಿರುವವರಿಗೆಲ್ಲ ಸುದ್ದಿ. ಮೊದಲ ಮನೆಯ ಅಂಕಲ್ ನೀರು ಬಂತೆಂದು ಬಟನ್ ಒತ್ತಿದರೆ ಇಡೀ ಬೀದಿಗೆ ಮೆಸೇಜ್. ಇದು ಸಖತ್ತಾಗಿ ಕೆಲಸ ಮಾಡಿತು. ಎಲ್ಲರೂ ಒಟ್ಟಿಗೆ ಮೋಟಾರ್ ಹಾಕಿ ಪೈಪಿನಿಂದ ನೀರು ಎಳೆದುಕೊಂಡರು.

ವಾರ ತುಂಬುವ ಮೊದಲೇ ಕೊನೇ ಮನೆಯ ಆಂಟಿ ಖಾಲಿ ಬಿಂದಿಗೆ ಹಿಡಿದು ನನ್ನ ಬಳಿ ಬಂದರು. ದೋಸೆ ಹಿಟ್ಟು ರುಬ್ಬಿ ಮಾರುವವರು. ಅವರಿಗೆ ಮೋಟಾರ್ ಇಲ್ಲ. ಮುಂಚೆ, ನೀರು ಬಂದದ್ದನ್ನು ಬೀದಿಯವರು ಗಮನಿಸದಿದ್ದಾಗ ಕೊನೆಯವರೆಗೆ ಹರಿದು ಬಂದದ್ದೇ ಅವರ ಪಾಲು. ಈಗ ಅಕ್ಕಿ ನೆನೆಸಲೂ ನೀರಿಲ್ಲ, ವ್ಯಾಪಾರ ನಿಂತಿದೆ.

ಬೈಯುತ್ತಾರೆ ಅಂದುಕೊಂಡೆ. ಮೆತ್ತಗೆ ಹೇಳಿದರು, "ಮುಂಚೆ ನೀರು ಬರ್ತಿತ್ತು ಕಣಪ್ಪ. ಈಗ ಮೆಸೇಜ್ ಬರುತ್ತೆ."

ಆಂಟಿಯ ಬಟನ್

ಮರುದಿನ ಆಫೀಸಿನಲ್ಲಿ ಇದನ್ನು ಕೇಳಿ ಹುಡುಗಿಯ ಕಣ್ಣಲ್ಲಿ ನೀರು. "ಪ್ಯಾಟರ್ನ್ ಸರಿಯಾಗೇ ಇದೆ ಅಣ್ಣ."

"ಸರಿಯಾಗಿದೆ ಕಣಮ್ಮ. ಸುದ್ದಿ ಎಲ್ಲರಿಗೂ ಒಂದೇ, ಮೋಟಾರ್ ಎಲ್ಲರಿಗೂ ಇಲ್ಲ. ಅದು ಪುಸ್ತಕ ಬರೆದವರಿಗೆ ಹೆಂಗೆ ಗೊತ್ತಾಗ್ಬೇಕು? ಬೀದೀಲಿರೋ ನನಗೇ ಹೊಳೀಲಿಲ್ಲ."

ಬದಲಾಯಿಸಿದೆವು. ಮೊದಲ ಸುದ್ದಿ ಆಂಟಿಗೆ. ಅವರು ತುಂಬಿಸಿಕೊಂಡು ಬಟನ್ ಒತ್ತಿದ ಮೇಲೆ ಉಳಿದವರಿಗೆ. ಬೀದಿಯವರ ಜತೆ ಜಗಳಕ್ಕೆ ತೋಳೇರಿಸಿಕೊಂಡು ಹೋಗಿದ್ದೆ. ಅಂಕಲ್ಲೇ ಮೊದಲು ಒಪ್ಪಿ ನನ್ನ ಕೋಪ ದಂಡ ಮಾಡಿದರು. "ಆಯಮ್ಮನ ಹಿಟ್ಟಿಲ್ದೆ ನಮ್ಮನೇಲಿ ತಿಂಡಿ ಎಲ್ಲಪ್ಪ?"

ಒಂದು ಭಾನುವಾರ ಅಂಕಲ್ ಬಟನ್ ಒತ್ತಿ ಎಷ್ಟು ಹೊತ್ತಾದರೂ ನಮಗೆ ಮೆಸೇಜ್ ಇಲ್ಲ. ಆಂಟಿಗೆ ಏನಾಯಿತೋ ಎಂದು ಬೀದಿಗೆ ಬೀದಿಯೇ ಅವರ ಗೇಟಿನ ಮುಂದೆ ನೆರೆಯಿತು. ಆಪ್ ನೋಡಲು ಬಂದಿದ್ದ ಹುಡುಗಿಯೂ ಇದ್ದಳು. ಹಿಟ್ಟಿನ ಕೈಯಲ್ಲೇ ಆಂಟಿ ಹೊರಗೆ ಬಂದರು.

"ಆಂಟಿ, ಹುಷಾರಾಗಿದೀರಾ? ನೀರು ತುಂಬ್ತಾ?"

"ಆಗಲೇ ತುಂಬ್ತು, ಒಂದು ಸಲ ರುಬ್ಬಿದ್ದೂ ಆಯ್ತು. ಫೋನಲ್ಲಿ ಚಾರ್ಜ್ ಇಲ್ಲ, ಬಟನ್ ಹೆಂಗೆ ಒತ್ಲಿ?"

ಅಂಕಲ್ ಚಾರ್ಜರ್ ತರಲು ಓಡಿದರು. ಹುಡುಗಿ ಪವರ್‌ಬ್ಯಾಂಕಿಗೆ ಬ್ಯಾಗೆಲ್ಲ ತಡಕಿದಳು. ನಾನು ಆಂಟಿಯ ಫೋನ್ ಹಿಡಿದು ನಿಂತೆ, ಉಳಿದವರು ಅದನ್ನೇ ನೋಡುತ್ತ ಸುತ್ತ ನಿಂತರು.

ಆಂಟಿ ನಮ್ಮನ್ನೆಲ್ಲ ಒಂದು ಸಲ ನೋಡಿದರು.

"ಅಲ್ಲ ಕಣ್ರಪ್ಪ, ತುಂಬ್ತು ಅಂತ ಬಾಯಲ್ಲೇ ಹೇಳಿದ್ನಲ್ಲ, ಇನ್ನೂ ಯಾವ ಮೆಸೇಜಿಗೆ ಕಾಯ್ತಿದೀರಾ?"