ಹಿತ್ತಿಲ ಗೋಡೆಯ ಕಿರೀಟಧಾರಿ

'ಗೊತ್ತಿಲ್ಲ' ಎಂಬ ಮಾತನ್ನು ಇಪ್ಪತ್ತೆರಡು ವರ್ಷ ಮಕ್ಕಳ ಬಾಯಿಂದ ಕೇಳಿ ಕೇಳಿ, ಅದನ್ನು ನಾನೇ ಆಡಬೇಕಾದ ಸಂದರ್ಭವೂ ಬರಬಹುದೆಂಬುದನ್ನು ಮರೆತಿದ್ದೆ. ಮೇಷ್ಟರ ಕೆಲಸ ಬಿಟ್ಟು ಶಿಡ್ಲಘಟ್ಟದ ಮನೆಯಲ್ಲಿ ಕುಳಿತ ಮೇಲೂ ಆ ದೋಷ ಹೋಗಿರಲಿಲ್ಲ.

ನಮ್ಮ ಹಿತ್ತಿಲ ಗೋಡೆಯ ತೂತಿನಲ್ಲಿ ಅಪರಿಚಿತ ಹಕ್ಕಿಯೊಂದು ಸಂಸಾರ ಹೂಡಿತ್ತು. ಒಳಗೆ ಮರಿಗಳ ಸದ್ದು. ಗೋಡೆಯಾಚೆ ರತ್ನಮ್ಮನ ರೇಷ್ಮೆ ಸಾಕಣೆ. ಅವಳು ಒಂದು ಕಾಲದ ನನ್ನ ವಿದ್ಯಾರ್ಥಿನಿ. ಹಣ್ಣಾದ ಹುಳುಗಳು ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ತಟ್ಟೆಯೇರಿ ಅಂಗಳಕ್ಕೆ ಬರಲು ಮೂರೇ ದಿನ ಉಳಿದಿತ್ತು.

"ಅದು ನಮ್ ಹುಳ ತಿನ್ನೋ ಹಕ್ಕಿ ಆದ್ರೆ ನನ್ ಬೆಳೆ ಮುಗೀತು ಸಾರ್. ಯಾವ ಹಕ್ಕಿ ಅಂತ ನೋಡಿ ಹೇಳಿ. ಇಲ್ಲಾಂದ್ರೆ ತೂತಿಗೆ ಮಣ್ಣು ಮೆತ್ತಿಬಿಡ್ತೀನಿ" ಎಂದಳು.

ನೋಟ್‌ಬುಕ್ ಹಿಡಿದು ಕುಳಿತೆ. ಬೀಸಣಿಗೆಯಂತೆ ಬಿಚ್ಚಿ ಮಡಚುವ ಜುಟ್ಟು, ನಸುಗೆಂಪು ಮೈ, ರೆಕ್ಕೆಗೆ ಕಪ್ಪುಬಿಳುಪಿನ ಪಟ್ಟೆ, ತುಸು ಬಾಗಿದ ಉದ್ದನೆಯ ಕೊಕ್ಕು. ಜುಟ್ಟು, ಕೊಕ್ಕು, ವಾಸಕ್ಕೆ ತೂತು, ಇನ್ನೇನು ಬೇಕು? ಅರ್ಧ ಗಂಟೆಯಲ್ಲಿ 'ಮರಕುಟಿಗ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

"ತೊಗಟೆಯ ಹುಳು ಮಾತ್ರ ತಿನ್ನುತ್ತೆ. ಹೆದರಬೇಡಮ್ಮ."

"ಮರಾನೇ ಮುಟ್ಟಲ್ವಲ್ಲ ಸಾರ್ ಅದು! ದಿನವೆಲ್ಲ ನೆಲಾನೇ ಚುಚ್ತಾ ಐತೆ."

"ಕುಟ್ಟುತ್ತೆ, ತಾಳು" ಎಂದೆ. ಹಕ್ಕಿಯ ಪರವಾಗಿ ನಾನೇ ಮಾತು ಕೊಟ್ಟಂತಾಯಿತು.

ಚಂದ್ರಿಕೆಗಳು ಅಂಗಳಕ್ಕೆ ಬಂದ ದಿನ ರತ್ನಮ್ಮ ಕಲಸಿದ ಮಣ್ಣಿನ ಬಾಂಡ್ಲಿಯೊಂದಿಗೆ ಸಿದ್ಧಳಾಗಿದ್ದಳು. ಹಕ್ಕಿ ನೇರವಾಗಿ ಚಂದ್ರಿಕೆಯ ಬುಡಕ್ಕೇ ಇಳಿಯಿತು. ಗೋಡೆಯ ಈಚೆ ನಾನು ನೋಟ್‌ಬುಕ್ ಮುಚ್ಚಿದೆ. ಅದು ತಟ್ಟೆಯತ್ತ ಕತ್ತೆತ್ತಲೂ ಇಲ್ಲ. ಮಣ್ಣಿಗೆ ಕೊಕ್ಕಿಳಿಸಿ, ಬಿಳಿಯ ಹುಳುವೊಂದನ್ನೆಳೆದು ತೂತಿಗೆ ಹಾರಿತು.

"ಅಯ್ಯೋ, ಊಜಿ ಸಾರ್!" ರತ್ನಮ್ಮ ಕೂಗಿದಳು. ರೇಷ್ಮೆ ಹುಳುವಿನ ಒಡಲೊಳಗೇ ಬೆಳೆದು, ಅದನ್ನು ಕೊಂದು ಮಣ್ಣು ಸೇರುವ ನೊಣದ ಮರಿಯದು. "ನಮ್ ಶತ್ರೂನೇ ತಿಂತಾ ಐತಲ್ಲಪ್ಪ! ಇರ್ಲಿ ಬಿಡಿ, ಬಾಣಂತಿ ಮನೆ." ಬಾಂಡ್ಲಿ ಕೆಳಗಿಳಿಯಿತು.

ಗ್ರಂಥಾಲಯದ ಪುಸ್ತಕ ಅದನ್ನು 'ಚಂದ್ರಮುಕುಟ' ಎಂದಿತು. ಎರಡು ಗೆರೆಗಳ ಮೇಲಿನ ನನ್ನ ಉತ್ತರವನ್ನು ಕೆಂಪು ಶಾಯಿಯಲ್ಲಿ ನಾನೇ ಹೊಡೆದುಹಾಕಿದೆ.

ಪಾಠ ಬಿಟ್ಟು ಕಿಟಕಿಯಾಚೆ ನೋಡುತ್ತಾಳೆಂದು ಆರನೆಯ ತರಗತಿಯಲ್ಲಿ ಇದೇ ರತ್ನಮ್ಮನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ದಿನವೂ ಗೋಡೆಯಾಚೆಗೆ, "ಮರಿ ಹೊರಗೆ ಬಂತೇನಮ್ಮ?" ಎಂದು ಕೂಗುತ್ತೇನೆ.

"ಸ್ಟೂಲ್ ಹತ್ತಿ ನೀವೇ ನೋಡಿ ಸಾರ್" ಎನ್ನುತ್ತಾಳೆ.

ಹತ್ತಿ ನಿಲ್ಲುತ್ತೇನೆ.