ಮೀನಿಲ್ಲದ ಕೆರೆಯ ಹದಿನೇಳು ಬೆಕ್ಕುಗಳು

ಇದನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ. ಅವರಿಗೆ ಹೇಳಿದ್ದು ದರ್ಜಿಯ ಹೆಂಡತಿ, ಅಂಗಿಯ ಅಳತೆ ತೆಗೆಯುತ್ತ. ಕೈಯಲ್ಲಿ ಟೇಪು ಇರುವಾಗ ಆಕೆ ಅರ್ಧ ಇಂಚೂ ಹೆಚ್ಚುಕಡಿಮೆ ಮಾತಾಡುವವಳಲ್ಲ ಎಂಬುದಕ್ಕೆ ಅತ್ತೆಯೇ ಜಾಮೀನು.

ಆ ಊರಿನ ಕೆರೆಯಲ್ಲಿ ಮೀನಿಲ್ಲ. ಇದು ದಾಖಲಾದ ಸಂಗತಿ. ಗಾಳ ಹಾಕುವವರ ಸಂಘದ ಕಳೆದ ಮೂರು ವರ್ಷಗಳ ವರದಿಯಲ್ಲಿ, 'ಹಿಡಿದ ಮೀನು' ಎಂಬ ಅಂಕಣದ ಕೆಳಗೆ, ಸಂಘದ ಕಾರ್ಯದರ್ಶಿಯಾದ ದರ್ಜಿ ತನ್ನ ದುಂಡನೆಯ ಅಕ್ಷರದಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದ್ದಾನೆ. ಅದೇ ಮೂರು ವರ್ಷಗಳಲ್ಲಿ ಸಂಘದ ಹದಿನೇಳು ಸದಸ್ಯರು ಅದೇ ಕೆರೆಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕೆಸರುಮೀನುಗಳನ್ನು ಎತ್ತಿದ್ದಾರೆ. ಈ ಎರಡು ಸಂಗತಿಗಳಿಗೆ ಪರಸ್ಪರ ಜಗಳವೇನಿಲ್ಲ. ಸಂಘದ ನಾಲ್ಕನೆಯ ನಿಯಮ ಸ್ಪಷ್ಟವಾಗಿದೆ: "ಮೀನು ಎಂದರೆ ಬೆಳ್ಳಿಮೀನು. ಕೆಸರುಮೀನು ಎಂದರೆ ಗಾಳಕ್ಕೆ ಉಂಟಾಗುವ ಅಡಚಣೆ."

ಬೆಳ್ಳಿಮೀನನ್ನು ಯಾರಾದರೂ ಕಂಡು ಹನ್ನೊಂದು ವರ್ಷವಾಗಿತ್ತು. ಆದರೂ ಸದಸ್ಯರು ಅದಕ್ಕೆಂದೇ ಹಿಟ್ಟು ಕಲಸುತ್ತಿದ್ದರು, ಅದರ ಬಗ್ಗೆಯೇ ಮಾತಾಡುತ್ತಿದ್ದರು. ಆ ಹಿಟ್ಟು ತಿನ್ನಲು ಬರುತ್ತಿದ್ದದ್ದು ಮಾತ್ರ ಕೆಸರುಮೀನು. ಮಣ್ಣಿನ ಬಣ್ಣ, ದಪ್ಪ ತುಟಿ, ಆರು ಮೀಸೆ, ಕೌಂಟರು ಮುಚ್ಚಿದ ಮೇಲೆ ಅರ್ಜಿ ಹಿಡಿದು ಬಂದವನ ಮುಖ. ಅದನ್ನು ಎಳೆದವನು ಅಕ್ಕಪಕ್ಕ ನೋಡಿ, "ಥೂ, ಮತ್ತೆ ಇದೇ" ಎನ್ನಬೇಕು; ಉಳಿದವರು "ಪಾಪ" ಎನ್ನಬೇಕು. ಇದು ನಿಯಮಾವಳಿಯಲ್ಲಿ ಇರಲಿಲ್ಲ, ಆದರೆ ಯಾರೂ ತಪ್ಪಿಸುತ್ತಿರಲಿಲ್ಲ.

ಮಾನವಂತ ಸದಸ್ಯನು ಕೆಸರುಮೀನನ್ನು ಮನೆಗೆ ಒಯ್ಯತಕ್ಕದ್ದಲ್ಲ ಎಂದು ಆರನೆಯ ನಿಯಮ ಹೇಳುತ್ತದೆ. ಬೆಕ್ಕಿಗಾದರೆ ಒಯ್ಯಬಹುದು. ಅದಕ್ಕೊಂದು ಚೀಟಿ ಉಂಟು: 'ಈ ಅಡಚಣೆಯನ್ನು ನನ್ನ ಬೆಕ್ಕಿಗಾಗಿ ಒಯ್ಯುತ್ತಿದ್ದೇನೆ.' ಹದಿನೇಳು ಮಂದಿಯೂ ತಪ್ಪದೆ ಅದಕ್ಕೆ ಸಹಿ ಹಾಕುತ್ತಿದ್ದರು. ಯಾರ ಬೆಕ್ಕನ್ನೂ ಯಾರೂ ನೋಡಿರಲಿಲ್ಲ. ನೋಡಬೇಕು ಎಂದು ಯಾರೂ ಕೇಳಿರಲೂ ಇಲ್ಲ, ಅಷ್ಟು ಸಂಸ್ಕಾರವಂತರು.

ದರ್ಜಿಯ ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಅಡುಗೆಮನೆಯ ಕಿಟಕಿ ಮುಚ್ಚುತ್ತಿತ್ತು. ಅದೇ ಹೊತ್ತಿಗೆ ಎದುರು ಮನೆಯ ಕಿಟಕಿಯೂ, ಅದರಾಚೆಯದೂ ಮುಚ್ಚುತ್ತಿದ್ದವು. ಕಾವಲಿಯ ಮೇಲೆ ಎಣ್ಣೆ ಚುಯ್ ಎನ್ನುತ್ತಿತ್ತು.

"ಬೆಕ್ಕಿಗೆ ಇವತ್ತು ಉಪ್ಪು ಒಂಚೂರು ಜಾಸ್ತಿ ಆಯ್ತು ಕಣೇ," ಎನ್ನುತ್ತಿದ್ದ ದರ್ಜಿ, ಮುಳ್ಳು ಬಿಡಿಸುತ್ತ.

"ನಾಳೆ ಬೆಕ್ಕೇ ಒಲೆ ಮುಂದೆ ನಿಂತ್ಕೊಳ್ಳಲಿ," ಎನ್ನುತ್ತಿದ್ದಳು ಹೆಂಡತಿ.

ಹೀಗಿರುವಾಗ ಮೀನುಗಾರಿಕೆ ಇಲಾಖೆಯಿಂದ ಪತ್ರ ಬಂತು. ಸತತ ಮೂರು ವರ್ಷ ಮೀನು ಸಿಗದ ಕೆರೆಯನ್ನು ಕೆರೆಗಳ ಪಟ್ಟಿಯಿಂದ ತೆಗೆಯಲಾಗುವುದು. ಪಟ್ಟಿಯಲ್ಲಿ ಇಲ್ಲದ ಕೆರೆಯನ್ನು ಮಣ್ಣು ತುಂಬಿಸಿ ಬಸ್ ಡಿಪೊಗೆ ಕೊಡಲಾಗುವುದು. ಸಂಘದ ಸಹಕಾರಕ್ಕೆ ಮುಂಗಡ ಧನ್ಯವಾದಗಳು.

ದರ್ಜಿ ಪತ್ರವನ್ನು ಎರಡು ಸಲ ಓದಿದ. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚಿನ ಎರಡು ಗಂಟೆ ಅವನು ಕೆರೆಯ ಕಲ್ಲಿನ ಮೇಲೆ ಕೂರುತ್ತಿದ್ದ. ಇಡೀ ದಿನದಲ್ಲಿ "ಸೊಂಟದ ಹತ್ರ ಸ್ವಲ್ಪ ಬಿಡಿ" ಎಂದು ಯಾರೂ ಹೇಳದ ಹೊತ್ತು ಅದೊಂದೇ. ಆ ಕಲ್ಲಿನ ಮೇಲೆ ಬಸ್ಸು ನಿಲ್ಲುವುದನ್ನು ನೆನೆಸಿಕೊಂಡು ಅವನು ಪತ್ರ ಮಡಚಿ ಜೇಬಿಗಿಟ್ಟ.

ತುರ್ತು ಸಭೆ ಕರೆದ. ಅಧ್ಯಕ್ಷರು ಹಲ್ಲಿನ ಡಾಕ್ಟರು. ಯಾರಾದರೂ ಬಾಯಿ ತೆರೆದರೆ ಮೊದಲು ಹಲ್ಲು ನೋಡಿ ಆಮೇಲೆ ಮಾತು ಕೇಳುವವರು.

"ಸರ್, ನಾಲ್ಕನೇ ನಿಯಮ ಬದಲಾಯಿಸಿದ್ರೆ ಸಾಕು," ಎಂದ ದರ್ಜಿ. "ಕೆಸರುಮೀನೂ ಮೀನೇ ಅಂತ ಒಂದು ಸಾಲು. ಕೆರೆ ಉಳಿಯುತ್ತೆ."

ಸಭೆ ಗಂಟಲು ಸರಿಮಾಡಿಕೊಂಡಿತು.

"ಅಂದ್ರೆ ಇಷ್ಟು ವರ್ಷ ನಮ್ಮನೆಗಳಿಗೆ ಹೋಗಿದ್ದು ಮೀನು ಅಂತಾಯ್ತಲ್ಲ," ಎಂದರು ಅಧ್ಯಕ್ಷರು.

"ಹೌದು ಸರ್."

"ಮೀನು ಅಂದ್ಮೇಲೆ ಯಾರು ತಿಂದ್ರು ಅಂತ ಪ್ರಶ್ನೆ ಬರುತ್ತಲ್ರೀ. ಉತ್ತರ ನೀವು ಕೊಡ್ತೀರಾ?"

ತಿದ್ದುಪಡಿ ಒಂದಕ್ಕೆ ಹದಿನಾರು ಮತಗಳಿಂದ ಬಿದ್ದುಹೋಯಿತು. ಕೆರೆ ಹೋದರೂ ಸಂಘದ ಮಾನ ಉಳಿಯಿತೆಂದು ನಡಾವಳಿಯಲ್ಲಿ ದರ್ಜಿಯ ಕೈಯಿಂದಲೇ ಬರೆಸಿದರು.

ಮರುವಾರ ತನಿಖಾಧಿಕಾರಿ ಬಂದರು. ಕಾಗದವನ್ನು ಕಂಡರೆ ಮುಖ ಅರಳುವ ಮನುಷ್ಯ. ಅವರು ದಂಡೆಯಲ್ಲಿ ನಿಂತ ಕಾಲು ಗಂಟೆಯಲ್ಲಿ ಅಧ್ಯಕ್ಷರ ಗಾಳಕ್ಕೇ ಐದು ಕೆಸರುಮೀನು ಬಿದ್ದವು.

"ಇದೇನು?"

"ಅಡಚಣೆ ಸರ್," ಎಂದರು ಅಧ್ಯಕ್ಷರು.

"ಒದ್ದಾಡ್ತಾ ಇದೆಯಲ್ಲ."

"ಜೀವಂತ ಅಡಚಣೆ ಸರ್."

ಅಧಿಕಾರಿ ಹಾಗೆಯೇ ಬರೆದುಕೊಂಡರು. ನಂತರ ಸಂಘದ ಕಪಾಟು ತೆಗೆಸಿ, ನಾಲ್ಕು ಸಾವಿರ ಬೆಕ್ಕಿನ ಚೀಟಿಗಳನ್ನು ಒಂದೊಂದಾಗಿ ಮಗುಚಿ ಹಾಕಿದರು. ಸಂಜೆಯ ಹೊತ್ತಿಗೆ ಅವರ ಮುಖದಲ್ಲಿ ಸಣ್ಣ ನಗೆಯಿತ್ತು.

"ಕಾರ್ಯದರ್ಶಿಗಳೇ, ಇದು ಮೀನಿನ ಕೆರೆಯೇ ಅಲ್ಲ. ಸಾಕುಪ್ರಾಣಿಗಳ ಆಹಾರ ಮೂಲ. ಆ ಪಟ್ಟಿಗೆ ಸೇರಿಸಿದ್ರೆ, ಬೆಕ್ಕುಗಳು ಇರೋವರೆಗೂ ಯಾರೂ ಇದಕ್ಕೆ ಒಂದು ಬುಟ್ಟಿ ಮಣ್ಣು ಹಾಕೋ ಹಾಗಿಲ್ಲ."

ದರ್ಜಿಗೆ ಅವರ ಕಾಲು ಹಿಡಿಯೋಣವೆನಿಸಿತು.

"ಆದ್ರೆ ಹದಿನೇಳು ಬೆಕ್ಕುಗಳನ್ನೂ ಖುದ್ದು ನೋಡ್ಬೇಕು. ನಾಳೆ ಹತ್ತಕ್ಕೆ ಶುರು."

ದರ್ಜಿ ಬಿದ್ದೆನೋ ಎದ್ದೆನೋ ಎಂದು ಮನೆಗೆ ಬಂದ. ಹೆಂಡತಿ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದಳು.

"ನಮ್ಮ ಬೀದೀಲಿ ಬೆಕ್ಕು ಯಾರ ಹತ್ರ ಇದೆಯೇ?"

"ಲೈಬ್ರರಿ ಮೇಡಂ ಹತ್ರ ಒಂದಿದೆ."

"ಹದಿನೇಳು ಬೇಕು."

"ಇರೋದೊಂದೇ. ಹಿತ್ತಿಲ ಬಾಗಿಲು ಎಲ್ಲರ ಮನೆಗೂ ಇದೆಯಲ್ಲ, ದಾಟಿಸಿ. ಯೂನಿಫಾರಂ ಹೊಲಿಯುವಾಗ ಒಂದೇ ಅಳತೇಲಿ ಇಡೀ ಶಾಲೆನೇ ಮುಗಿಸ್ತೀರಿ, ಇದಕ್ಕ್ಯಾಕೆ ಬೆವರ್ತೀರಿ?"

ಮರುದಿನ ಹಾಗೆಯೇ ನಡೆಯಿತು. ಅಧಿಕಾರಿ ಮುಂಬಾಗಿಲಿನಿಂದ ಒಳಗೆ ಬರುವಷ್ಟರಲ್ಲಿ ಬೆಕ್ಕು ಬಟ್ಟೆಚೀಲದಲ್ಲಿ ಹಿತ್ತಿಲಿಂದ ಬರುತ್ತಿತ್ತು. ಹೊತ್ತು ಸಾಲದ ಕಡೆ ಅಧ್ಯಕ್ಷರು ಬಾಗಿಲಲ್ಲೇ ಅಧಿಕಾರಿಯ ದವಡೆಹಲ್ಲು ಪರೀಕ್ಷಿಸಿದರು. ಎಲ್ಲ ಬೆಕ್ಕುಗಳಿಗೂ ಎಡಗಿವಿ ಹರಿದಿರುವುದನ್ನು ಅಧಿಕಾರಿ 'ಸ್ಥಳೀಯ ತಳಿಯ ಲಕ್ಷಣ' ಎಂದು ಬರೆದರು. ಒಂಬತ್ತನೆಯ ಮನೆಯಲ್ಲಿ, "ಇದ್ಯಾಕೆ ಇಷ್ಟು ಏದುಸಿರು ಬಿಡುತ್ತೆ?" ಎಂದು ಕೇಳಿದರು.

"ಕೆರೆ ಗಾಳಿ ಸರ್," ಎಂದ ದರ್ಜಿ, ತಾನೂ ಏದುಸಿರು ಬಿಡುತ್ತ.

ತೊಡಕಾದದ್ದು ಬೇರೆಯದೇ. ಅಧಿಕಾರಿ ಪ್ರತಿ ಮನೆಯಲ್ಲೂ ಬೆಕ್ಕಿನ ಮುಂದೆ ಒಂದು ತುಂಡು ಕೆಸರುಮೀನು ಇಡಿಸುತ್ತಿದ್ದರು. ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನಲ್ಲೇ ಬೆಳೆದ ಆ ಬೆಕ್ಕು ಹದಿನೇಳು ಮನೆಯಲ್ಲೂ ಅದನ್ನು ಮೂಸಿ, ಸಂಘದ ಸದಸ್ಯನ ಹಾಗೆ ಮುಖ ತಿರುಗಿಸಿತು. ಕೊನೆಯದು ದರ್ಜಿಯ ಮನೆ. ಅಧಿಕಾರಿಯ ಪೆನ್ನು ನಿಂತಿತು.

ಹೆಂಡತಿ ಒಳಗಿಂದಲೇ, "ಊಟದ ಹೊತ್ತಾಯ್ತಲ್ಲ, ಒಂದು ತುತ್ತು ತಿಂದ್ಕೊಂಡು ಬರೀರಿ ಸರ್," ಎಂದು ತಟ್ಟೆ ತಂದಿಟ್ಟಳು. ಅಧಿಕಾರಿ ಹುರಿದ ತುಂಡುಗಳಲ್ಲಿ ಮೂರನ್ನು ಮಾತಿಲ್ಲದೆ ಮುಗಿಸಿ, ನಾಲ್ಕನೆಯದಕ್ಕೆ ಕೈಹಾಕುತ್ತ, "ಇದ್ಯಾವ ಮೀನಮ್ಮ?" ಎಂದರು.

ಅಧ್ಯಕ್ಷರು ಗೋಡೆ ನೋಡಿದರು.

"ಮೀನಲ್ಲ ಸರ್. ಬೆಕ್ಕಿನ ಊಟ," ಎಂದಳು ಅವಳು.

ಅಧಿಕಾರಿ ನಾಲ್ಕನೆಯದನ್ನೂ ಮುಗಿಸಿದರು. ಆಮೇಲೆ ಎಡಗೈಯಿಂದಲೇ ಬರೆದರು: 'ಆಹಾರ ಯಥೇಷ್ಟ. ಬೆಕ್ಕುಗಳು ಹೊಟ್ಟೆ ತುಂಬಿ ತೃಪ್ತವಾಗಿವೆ.' ಹೊರಡುವಾಗ ಹತ್ತು ಖಾಲಿ ಚೀಟಿಗಳನ್ನು ನಮೂನೆಗೆಂದು ಒಯ್ದರು.

ತಿಂಗಳೊಳಗೆ ಆದೇಶ ಬಂತು. ದಂಡೆಯಲ್ಲಿ ಹಲಗೆ ನೆಟ್ಟರು: 'ಈ ಕೆರೆಯಲ್ಲಿ ಮೀನಿಲ್ಲ. ಬೆಕ್ಕುಗಳ ಹಿತದೃಷ್ಟಿಯಿಂದ ಮಣ್ಣು ಸುರಿಯುವುದನ್ನು ನಿಷೇಧಿಸಿದೆ.' ಡಿಪೊ ಬೇರೆ ಊರಿಗೆ ಹೋಯಿತು. ದರ್ಜಿಯ ಕಲ್ಲು ದರ್ಜಿಗೆ ಉಳಿಯಿತು.

ಇದಾಗಿ ಒಂದು ಬೆಳಿಗ್ಗೆ ಅವನ ದಾರ ಎಂದೂ ಇಲ್ಲದ ಹಾಗೆ ಬಿಗಿಯಿತು. ಎಳೆದ. ಮೊಳದುದ್ದದ ಬೆಳ್ಳಿಮೀನು. ಬಿಸಿಲು ಬಿದ್ದು ಅವನ ಕಣ್ಣು ಕೋರೈಸಿತು. ಹದಿನಾರು ಮಂದಿ ಗಾಳ ಬಿಟ್ಟು ಓಡಿಬಂದರು.

ಅಧ್ಯಕ್ಷರು ಮೆಲ್ಲಗೆ ಕೇಳಿದರು, "ಇದನ್ನ ಬರೆದ್ರೆ ಕೆರೇಲಿ ಮೀನಿದೆ ಅಂತಾಗುತ್ತಲ್ಲ?"

"ಹೌದು ಸರ್. ವಾಪಸ್ ಮೀನಿನ ಪಟ್ಟಿಗೆ ಹೋಗುತ್ತೆ. ಮತ್ತೆ ಮೂರು ವರ್ಷದ ಲೆಕ್ಕ ಶುರು."

ದರ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿ ನೋಡಿದ, ಒಳ್ಳೆಯ ಬಟ್ಟೆಯ ಅಂಚು ನೋಡುವ ಹಾಗೆ. ಆಮೇಲೆ ಅಕ್ಕಪಕ್ಕ ನೋಡಿ, "ಥೂ," ಎಂದು ನೀರಿಗೆ ಬಿಟ್ಟ.

"ಪಾಪ," ಎಂದರು ಉಳಿದವರು.

"ಅದಕ್ಕೆ ಮುಳ್ಳೂ ಜಾಸ್ತಿ ಅಂತೆ ಬಿಡಿ," ಎಂದರು ಅಧ್ಯಕ್ಷರು, ಜೀವಮಾನದಲ್ಲಿ ಅದರ ರುಚಿ ನೋಡದವರು. ಎಲ್ಲರೂ ತಲೆದೂಗಿ ತಂತಮ್ಮ ಕಲ್ಲಿಗೆ ಹೋಗಿ ಕುಳಿತರು.

ಅತ್ತೆ ನನಗೆ ಹೇಳಿದ್ದು ಇಷ್ಟು. ನಾನು ನಿಮಗೆ ಹೇಳಿದ್ದೇನೆ. ನೀವೂ ಇನ್ನೊಬ್ಬರಿಗೆ ದಾಟಿಸಿ. ಕೇಳುವವರು ಇಲಾಖೆಯ ಕಡೆಯವರಾದರೆ ಈ ಕೊನೆಯ ಬೆಳಗಿನ ಸಂಗತಿಯೊಂದನ್ನು ಬಿಟ್ಟು ಹೇಳಿ. ದರ್ಜಿ ನಾಳೆಯೂ ಅಲ್ಲಿ ಕೂರಬೇಕು.