ತೊಂಬತ್ತೆರಡರ ಚಿಪ್

ಚಿಪ್‌ನ ಚಿತ್ರವನ್ನು ಮುದ್ರಿಸಿ, ಮೇಜಿನ ಮೇಲೆ ಬಿಟ್ಟು ಚಹಾ ತರಲು ಹೋದದ್ದೇ ತಪ್ಪಾಯಿತು. ಅವಳು ಮರಳುವಷ್ಟರಲ್ಲಿ ಇಡೀ ಪ್ರಯೋಗಾಲಯ, ಅಪಘಾತ ನೋಡಲು ನೆರೆದವರಂತೆ, ಅದರ ಸುತ್ತ ನಿಂತಿತ್ತು.

ಎಲ್ಲವನ್ನೂ ಎರಡೆರಡು ಸಲ ನೋಡುವ ಅವಳನ್ನು ಅಲ್ಲಿ ಎಲ್ಲರೂ ‘ಇನ್ನೊಮ್ಮೆ ಅಕ್ಕ’ ಎಂದೇ ಕರೆಯುತ್ತಿದ್ದರು. ಲೇಸರ್ ತಾಗಿಸಿದರೆ ಸಲಕ್ಕೆ ಒಂದೇ ಒಂದು ಬೆಳಕಿನ ಕಣವನ್ನು ಹೊರಬಿಡಬೇಕಾದ ಚಿಪ್ ಅದು. ಕಂಪ್ಯೂಟರ್ ಹತ್ತೊಂಬತ್ತು ದಿನ ತಡಕಾಡಿ ಅದರ ಆಕಾರ ಹುಡುಕಿತ್ತು. ನೂರಕ್ಕೆ ತೊಂಬತ್ತೆರಡು ಪಾಲು ಬೆಳಕು ಹೊರಗೆ ಬರುತ್ತದೆಂದು ಲೆಕ್ಕ. ಸಂಜೆ ಐದರೊಳಗೆ ಫೈಲು ಚಿಪ್ ಕೆತ್ತುವವರಿಗೆ ತಲುಪಬೇಕು. ವರ್ಷಕ್ಕೆ ಒಂದೇ ಅವಕಾಶ. ಚಿಪ್ ಕೆಲಸ ಮಾಡಿದರೆ ಅವಳಿಗೂ ಕೆಲಸ, ಇಲ್ಲವಾದರೆ ಮನೆಯ ದಾರಿ.

“ಏನಮ್ಮ ಇದು, ಹುಳ ತಿಂದ ಎಲೆ ಇದ್ದಂಗಿದೆ,” ಎಂದರು ಮುಖ್ಯಸ್ಥರು. “ಎಡಕ್ಕೂ ಬಲಕ್ಕೂ ಹೊಂದಿಕೆನೇ ಇಲ್ಲ.”

ಹೊಂದಿಸಿದಳು. ತೊಂಬತ್ತೆರಡು ಅರವತ್ತಾಯಿತು. ಪಕ್ಕದ ಮೇಜಿನ ಹಿರಿಯರು, ಇಷ್ಟು ಸಣ್ಣ ತೂತು ಯಾರ ಕೈಲೂ ಕೊರೆಯಲಾಗದೆಂದು ತಾವೇ ಮೌಸ್ ಹಿಡಿದು ಹನ್ನೊಂದನ್ನು ಮುಚ್ಚಿದರು. ನಲವತ್ತೈದು. ಲೇಸರ್ ನೋಡಿಕೊಳ್ಳುವಾತ, ತನ್ನನ್ನು ಯಾರೂ ಕೇಳಲಿಲ್ಲವೆಂಬ ಬೇಸರಕ್ಕೆ ನಡುವೆ ಒಂದು ಗೋಡೆ ಎಬ್ಬಿಸಿದ. ಮೂವತ್ತೊಂದು. ಆಳಿಗೊಂದು ಕಲ್ಲು ಹೊಡೆದ ತೃಪ್ತಿಯಲ್ಲಿ ಎಲ್ಲರೂ ಊಟಕ್ಕೆ ಹೋದರು.

ಅವಳು ಬಾಗಿಲು ಹಾಕಿಕೊಂಡು ತನ್ನ ಹಳೆಯ ತೊಂಬತ್ತೆರಡನ್ನೇ ಕಳಿಸಿಬಿಟ್ಟಳು. ಬೆನ್ನಿಗೇ ಕೆತ್ತುವವರಿಗೆ ಫೋನ್ ಮಾಡಿ, ಯಾರು ಹೇಳಿದರೂ ಬದಲಿಸಬಾರದೆಂದು ಪಿಸುದನಿಯಲ್ಲಿ ಎರಡು ಸಲ ಹೇಳಿದಳು.

ಆರು ತಿಂಗಳಲ್ಲಿ ಮೊದಲ ಸಲ ನೆಮ್ಮದಿ ಎನಿಸಿತು. ಅದು ಅವಳಿಗೆ ಒಗ್ಗಲಿಲ್ಲ. ನಾಲ್ಕೂವರೆಗೆ ಲೆಕ್ಕವನ್ನು ಇನ್ನೊಮ್ಮೆ ತೆರೆದಳು.

ಹೊರಗೆ ಬರುವ ಬೆಳಕನ್ನು ಹೆಚ್ಚಿಸು ಎಂದಷ್ಟೇ ಕಂಪ್ಯೂಟರಿಗೆ ಹೇಳಿದ್ದಳು. ಯಾವ ಬೆಳಕು ಎಂದು ಹೇಳಿರಲಿಲ್ಲ. ಅದು ಲೇಸರಿನ ಬೆಳಕನ್ನೇ ನೇರ ಹೊರಗೆ ದಾಟಿಸಿ ಎಣಿಸಿತ್ತು. ತೊಂಬತ್ತೆರಡರಲ್ಲಿ ಎಂಬತ್ತೊಂಬತ್ತು ಲೇಸರಿನದು. ಅವಳಿಗೆ ಬೇಕಾದ ಕಣಗಳ ಪಾಲು ಬರೀ ಮೂರು. ಟಾರ್ಚ್ ಹಿಡಿದು ಮಿಂಚುಹುಳ ಎಣಿಸಿದಂತಾಗಿತ್ತು.

ಎಲ್ಲರೂ ಸೇರಿ ಕೆಡಿಸಿದ ಚಿಪ್‌ನಲ್ಲಿ ಮಾತ್ರ ಮೂವತ್ತೊಂದಕ್ಕೆ ಮೂವತ್ತೊಂದೂ ಅಪ್ಪಟ ಕಣಗಳು. ಆ ಬೇಸರದ ಗೋಡೆ ಲೇಸರನ್ನು ತಡೆದು ನಿಲ್ಲಿಸಿತ್ತು.

ಐದಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು. ಕೆತ್ತುವವರಿಗೆ ಮತ್ತೆ ಫೋನ್ ಮಾಡಿದಳು.

“ಅಣ್ಣ, ಮಧ್ಯಾಹ್ನ ಕಳಿಸಿದ್ದನ್ನ ತೆಗೆದುಬಿಡಿ. ಬೇರೆ ಕಳಿಸ್ತೀನಿ.”

“ಆಗಲ್ಲಮ್ಮ. ಯಾರು ಹೇಳಿದ್ರೂ ಬದಲಾಯಿಸ್ಬೇಡಿ ಅಂದಿದ್ರಲ್ಲ.”

“ಹಾಗಂದಿದ್ದು ನಾನೇ ಅಣ್ಣ.”

“ಗೊತ್ತು. ‘ಅವರೆಲ್ಲ ಸೇರಿ ನನ್ ಕೈಲೇ ಫೋನ್ ಮಾಡಿಸಿದ್ರೂ ಮಾಡಿಸ್ತಾರೆ, ನಾನೇ ಅತ್ತು ಕೇಳಿದ್ರೂ ಬದಲಾಯಿಸ್ಬೇಡಿ’ ಅಂತಾನೂ ಅಂದ್ರಿ. ಬರ್ಕೊಂಡಿದೀನಿ.” ಆತ ದನಿ ತಗ್ಗಿಸಿದ. “ಪಕ್ಕದಲ್ಲೇ ನಿಂತಿದಾರಾ? ಹೆದರ್ಬೇಡಿ ತಾಯಿ. ಕೆತ್ತೋಕೆ ಶುರು ಮಾಡ್ಬಿಟ್ಟಿದೀನಿ.”